ಉಪ್ಪುನೀರಿನ ತೋಟದಲ್ಲಿ ಒಂದು ಬೆಳಗು



ಅಡಿಕೆ ಧಾರಣೆ, ಕೊಳೆರೋಗ, ಕಾಫಿ ಕಾಯಿಕೊರಕ, ಬೆಳೆಸಾಲದ ಬಡ್ಡಿ ಇಂಥವುಗಳಿಂದಲೇ ತುಂಬಿರುವ ಈ ಪತ್ರಿಕೆಯಲ್ಲಿ ಹೊಳೆಬಾಯಿಯ ಚಿಪ್ಪಿಕಲ್ಲಿನ ಮಾತೇಕೆ ಎಂದು ನೀವು ಕೇಳಿದರೆ ಆಶ್ಚರ್ಯವಿಲ್ಲ. ನಮ್ಮ ಸದಸ್ಯರಲ್ಲಿ ಮೀನು ಮುಟ್ಟದವರೇ ಹೆಚ್ಚು ಎಂಬುದೂ ನನಗೆ ಗೊತ್ತು. ಅವರು ಅಡಿಗೆಯ ವಿಷಯ ಬರುವ ಒಂದು ಪ್ಯಾರಾವನ್ನು ದಾಟಿ ಮುಂದೆ ಓದಬಹುದು. ಉಳಿದದ್ದು ಎಲ್ಲರಿಗೂ ಸಂಬಂಧಿಸಿದ್ದು. ಏಕೆಂದರೆ ನಾನು ಹೇಳಹೊರಟಿರುವುದು ನಮ್ಮ ತೋಟದ ಹಳ್ಳ ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ, ಅಲ್ಲಿ ಅದರ ನೀರನ್ನು ನಂಬಿ ಯಾರು ಬದುಕುತ್ತಾರೆ ಎಂಬ ಸಂಗತಿ.

ನನ್ನ ಹೆಂಡತಿಯ ತೌರು ಕುಮಟಾ ತಾಲೂಕಿನಲ್ಲಿ, ಮಿರ್ಜಾನದ ಆಚೆ, ಅಘನಾಶಿನಿ ಹೊಳೆಸಾಲಿನ ಒಂದು ಹಳ್ಳಿ. ಮೂವತ್ತು ವರ್ಷಗಳಿಂದ ಅಲ್ಲಿಗೆ ಅಳಿಯನಾಗಿ ಹೋಗಿ, ಜಗಲಿಯ ಮೇಲೆ ಕುಳಿತು ಉಂಡು ಬಂದಿದ್ದೇನೆಯೇ ಹೊರತು ಹೊಳೆಯ ಕೆಸರಿಗೆ ಕಾಲಿಟ್ಟವನಲ್ಲ. ಕಳೆದ ಏಪ್ರಿಲ್ ರಜೆಯಲ್ಲಿ ಮೊದಲ ಸಲ ಇಟ್ಟೆ. ಅದಕ್ಕೆ ಕಾರಣನಾದವನು ಬಯಲುಸೀಮೆಯಿಂದ ಬಂದ ನನ್ನ ಗೆಳೆಯ.

ಮರಳಿಯ ಗೆಳೆಯ

ಧಾರವಾಡದ ಕೃಷಿ ಕಾಲೇಜಿನಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಈತ ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಮರಳಿಯವನು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವನು. ಅವನ ಊರಿನ ಕಡೆಯೂ ಒಂದು ಸಿದ್ದಾಪುರವಿದೆ, ನಾನಿರುವುದೂ ಸಿದ್ದಾಪುರ. "ನಿಮ್ಮ ಸಿದ್ದಾಪುರದಾಗ ಬರೀ ಮಳಿ, ನಮ್ಮ ಸಿದ್ದಾಪುರದಾಗ ಬರೀ ಬಿಸಲು. ಎರಡೂ ಕೂಡಿಸಿ ಹಂಚಿದ್ರ ಚಲೋ ಆಗ್ತಿತ್ತು ನೋಡಪಾ" ಎನ್ನುವುದು ಅವನ ಮೂವತ್ತು ವರ್ಷದ ಹಳೆಯ ಹಾಸ್ಯ. ಈ ಸಲ ಹೆಂಡತಿಯನ್ನೂ ಏಳು ವರ್ಷದ ಮೊಮ್ಮಗಳನ್ನೂ ಕರೆದುಕೊಂಡು ಬಂದಿದ್ದ. ಮಗುವಿಗೆ ಸಮುದ್ರ ತೋರಿಸಬೇಕಾಗಿತ್ತು.

ನಾವೂ ಅವರೂ ಸೇರಿ ಆರು ಜನ ದೊಡ್ಡಮನೆ ಘಟ್ಟ ಇಳಿದೆವು. ಸಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ನಮ್ಮ ತೋಟಗಳ ಹಳ್ಳಗಳನ್ನೆಲ್ಲ ಸೇರಿಸಿಕೊಂಡು, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಘಟ್ಟದ ಬುಡದಲ್ಲಿ ನಿಧಾನವಾಗುವ ಅಘನಾಶಿನಿ ಅಲ್ಲಿ ಬೇರೆಯೇ ಹೊಳೆ. ಒಂದು ಕಾಲಕ್ಕೆ ಘಟ್ಟದ ಮೇಲಿನ ಕಾಳುಮೆಣಸು ಇದೇ ದಾರಿಯಲ್ಲಿ ಇಳಿದು ಮಿರ್ಜಾನ ಬಂದರಿನಿಂದ ಹಡಗು ಹತ್ತುತ್ತಿತ್ತು. ಈಗ ಘಟ್ಟದ ಮೇಲಿನಿಂದ ಏನೇನು ಇಳಿಯುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಬಾಗಿಲು ಇರುವ ಗದ್ದೆ

ಸಂಜೆ ಹೊತ್ತಿಗೆ ನನ್ನ ಭಾವಮೈದ ನಮ್ಮನ್ನು ಗಜನಿಯ ಕಟ್ಟೆಯ ಮೇಲೆ ಕರೆದೊಯ್ದ. ನಮ್ಮಲ್ಲಿ ಹಲವರು ಈ ಹೆಸರು ಕೇಳಿರಬಹುದು, ಕಂಡಿರಲಾರರು. ಹೊಳೆಯು ಸಮುದ್ರ ಸೇರುವ ಮುನ್ನ ಎರಡೂ ದಂಡೆಯ ತಗ್ಗುಭೂಮಿಗೆ ದಿನಕ್ಕೆ ಎರಡು ಬಾರಿ ಭರತದ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಆ ಭೂಮಿಗೆ ಸುತ್ತ ಮಣ್ಣಿನ ಕಟ್ಟೆ ಹಾಕಿ, ನೀರಿನ ದಾರಿಯಲ್ಲಿ ಹಲಗೆಯ ಬಾಗಿಲು ಇಟ್ಟು ಊರವರು ಮಾಡಿಕೊಂಡದ್ದೇ ಗಜನಿ. ಹೆಗಡೆ, ಮಾಸೂರು, ಮಿರ್ಜಾನ, ಐಗಳಕುರ್ವೆ, ಮಾಣಿಕಟ್ಟಾ ಎಂದು ಹೊಳೆಯುದ್ದಕ್ಕೂ ಇವೆ. ಕಟ್ಟೆಯ ಒಳಗೆ ಒಬ್ಬೊಬ್ಬರ ಗದ್ದೆ ಬೇರೆ ಬೇರೆ, ಕಟ್ಟೆ ಮತ್ತು ಬಾಗಿಲು ಮಾತ್ರ ಎಲ್ಲರದು.

ಮಳೆಗಾಲದಲ್ಲಿ ಬಾಗಿಲು ಒಂದು ರೀತಿ ನಡೆಯುತ್ತದೆ. ಇಳಿತಕ್ಕೆ ತೆರೆದು ಮಳೆನೀರು ಹೊರಗೆ ಬಿಡುವುದು, ಭರತಕ್ಕೆ ಮುಚ್ಚಿ ಉಪ್ಪುನೀರು ತಡೆಯುವುದು. ಜೂನ್ ತಿಂಗಳ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಇದು ಎತ್ತರಕ್ಕೆ ಬೆಳೆಯುವ ತಳಿ. ಉಪ್ಪನ್ನು ತಾಳುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಗೊಬ್ಬರ ಬೇಡ, ಔಷಧಿ ಬೇಡ. ಮಳೆಗಾಲ ಮುಗಿಯುವ ಹೊತ್ತಿಗೆ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನಿಂತಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲಿನ ನಡೆ ತಿರುವುಮುರುವು. ಭರತಕ್ಕೆ ತೆರೆದು ಉಪ್ಪುನೀರನ್ನು ಒಳಗೆ ಕರೆದುಕೊಳ್ಳುತ್ತಾರೆ, ಅದರೊಂದಿಗೆ ಸಿಗಡಿಯ ಮರಿ, ಏಡಿ, ನೊಗಲಿ, ಕಾಗಳಸಿ ಎಲ್ಲ ಒಳಗೆ ಬರುತ್ತವೆ. ಕೊಳೆಯುವ ಹುಲ್ಲೇ ಅವಕ್ಕೆ ಮೇವು. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಇಳಿತದ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟಿದರೆ ಬೆಳೆದ ಸಿಗಡಿ ತಾನಾಗಿ ಬಂದು ಬೀಳುತ್ತದೆ. ಅದು ತಿಂದುಳಿಸಿದ್ದು, ಹಿಕ್ಕೆ ಹಾಕಿದ್ದು ಮುಂದಿನ ಭತ್ತಕ್ಕೆ ಗೊಬ್ಬರ.

ನನ್ನ ಗೆಳೆಯ ಇದನ್ನೆಲ್ಲ ಕೇಳುತ್ತ ಬಾಗಿಲಿನ ಹತ್ತಿರವೇ ನಿಂತುಬಿಟ್ಟ. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ನೀರು ಜೌಗಾಗಿ ಉಪ್ಪು ಮೇಲೇರಿ ಸವಳಾದ ಭೂಮಿ ಎಷ್ಟಿದೆ ಎಂಬುದು ಅವನಿಗೆ ಗೊತ್ತು, ಅವನ ಹೊಲದ ಒಂದು ಮೂಲೆಯೂ ಹಾಗೆ ಹೋಗಿದೆ.

"ಅಲ್ಲಪಾ, ನಮ್ಮ ಕಡೆ ಹೊಲಕ್ಕ ಉಪ್ಪು ಏರಿತಂದ್ರ ರೈತ ಅಳ್ತಾನ. ನೀವು ಬಾಗಲಾ ತಗದು ಒಳಗ ಕರಕೊಳ್ತೀರಿ!" ಎಂದ.

ಭಾವಮೈದ ನಕ್ಕ. "ನಿಮ್ಮಲ್ಲಿ ಉಪ್ಪು ಹೇಳದೆ ಬರ್ತದೆ, ನಮ್ಮಲ್ಲಿ ಕೇಳಿ ಬರ್ತದೆ. ಅಷ್ಟೇ ವ್ಯತ್ಯಾಸ. ಆದ್ರೆ ಬಾಗಿಲು ಕಾಯುವವ ಒಂದು ದಿನ ಮಲಗಿಬಿಟ್ರೆ ನಮ್ಮದೂ ನಿಮ್ಮ ಹಾಗೇ."

ಇಳಿತದ ಹೊತ್ತು

ಮರುದಿನ ಹುಣ್ಣಿಮೆ ಕಳೆದ ಮೂರನೆಯ ದಿನ. ಇಳಿತ ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡವಾಗುತ್ತ ಹೋಗುತ್ತದೆ. ಅವತ್ತು ಬೆಳಿಗ್ಗೆ ಏಳರ ಸುಮಾರಿಗೆ ನೀರು ಪೂರ್ತಿ ಕೆಳಗೆ ಹೋಗುವ ಲೆಕ್ಕ. ಐದೂವರೆಗೇ ಎದ್ದು ಹೊರಟೆವು. ನನ್ನ ಹೆಂಡತಿ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಬುಟ್ಟಿ ಸೊಂಟಕ್ಕೆ ಇಟ್ಟು ನಡೆದದ್ದನ್ನು ನೋಡಿದರೆ ಘಟ್ಟದ ಮೇಲೆ ಮೂವತ್ತು ವರ್ಷ ಕಳೆದವಳು ಇವಳೇ ಹೌದೇ ಎನಿಸಿತು.

ಕಟ್ಟೆಯ ಹೊರಗೆ ಹೊಳೆ ಹಿಂದೆ ಸರಿದು ಕೆಸರು ಮರಳಿನ ದೊಡ್ಡ ಬಯಲು ತೆರೆದುಕೊಂಡಿತ್ತು. ಆಗಲೇ ಮೂವತ್ತು ನಲವತ್ತು ಹೆಂಗಸರು, ಕೆಲವು ಗಂಡಸರು ಬಗ್ಗಿ ಕೆಲಸ ಹಿಡಿದಿದ್ದರು. ಅವರು ತೆಗೆಯುವುದು ಬಳಚು. ಘಟ್ಟದ ಮೇಲೆ ನಾವು ಚಿಪ್ಪಿಕಲ್ಲು ಎನ್ನುತ್ತೇವೆ, ಮಂಗಳೂರಿನ ಕಡೆ ಮರುವಾಯಿ. ಅಂಗೈಯ ಅರ್ಧದಷ್ಟು ಗಾತ್ರ, ಎರಡು ಚಿಪ್ಪು ಮುಚ್ಚಿಕೊಂಡು ಮರಳಿನ ಕೆಳಗೆ ನಾಲ್ಕು ಬೆರಳು ಆಳದಲ್ಲಿ ಕುಳಿತಿರುತ್ತದೆ. ಮೇಲಿನಿಂದ ಕಾಣುವುದು ಸಣ್ಣ ತೂತು ಮಾತ್ರ. ಅನುಭವಿಗಳು ಅಂಗಾಲಿನಿಂದಲೇ ಅದನ್ನು ಕಾಣುತ್ತಾರೆ. ನನ್ನ ಅಂಗಾಲು ಕಂಡದ್ದು ಒಂದು ಕಲ್ಲಿಗೆ ಅಂಟಿದ ಸಿಂಪಿಯನ್ನು. ಕೊಯ್ದು ರಕ್ತ ಬಂತು. ಭಾವಮೈದನ ಹೆಂಡತಿ ತನ್ನ ಸೆರಗಿನ ಅಂಚು ಹರಿದು ಕಟ್ಟಿ, "ಅಣ್ಣ, ಇಲ್ಲಿ ಕಾಲು ಎತ್ತಿ ಇಡಬಾರದು, ಎಳೆದು ಇಡಬೇಕು" ಎಂದು ಪಾಠ ಹೇಳಿದಳು. ಆಮೇಲೆ ನಾನೂ ಕೈಯಿಂದ ಕೆದಕಿ ಒಂದು ಸೇರಿನಷ್ಟು ತೆಗೆದೆನೆಂದು ಹೆಮ್ಮೆಯಿಂದ ಹೇಳಬಲ್ಲೆ. ಅಷ್ಟರಲ್ಲಿ ನನ್ನ ಹೆಂಡತಿಯ ಬುಟ್ಟಿ ತುಂಬಿತ್ತು.

ಗೆಳೆಯ ಲಿಂಗವಂತ. ತಿನ್ನುವ ಮಾತೇ ಇಲ್ಲ, ಕೀಳುವುದೂ ಬೇಡವೆಂದು ಕಟ್ಟೆಯ ಮೇಲೆ ಕುಳಿತ. ಮೊಮ್ಮಗಳು ಮಾತ್ರ ಕೆಸರಿಗಿಳಿದು ಒಬ್ಬ ಅಜ್ಜಿಯ ಹಿಂದೆ ಬಿದ್ದಳು. ಆ ಅಜ್ಜಿ ಕೈಗೆ ಬಂದದ್ದನ್ನೆಲ್ಲ ಬುಟ್ಟಿಗೆ ಹಾಕದೆ, ಸಣ್ಣವನ್ನು ಆರಿಸಿ ಬದಿಗೆ ಇಡುತ್ತಿದ್ದರು. ಏಕೆಂದು ಮಗು ಕೇಳಿತು.

"ಎರಡು ಬೆರಳು ತುಂಬದ್ದು ನಮ್ಮದಲ್ಲ ಮಗಾ. ಅದು ಬರುವ ವರ್ಷದ್ದು. ತಕಾ, ನೀರಿಗೆ ಹಾಕಿ ಬಾ."

ಮಗುವಿಗೆ ಕೆಲಸ ಸಿಕ್ಕಿತು. ಸಣ್ಣ ಬಳಚನ್ನು ಲಂಗದಲ್ಲಿ ತುಂಬಿಕೊಂಡು ಹೋಗಿ ನೀರಿನಂಚಿನಲ್ಲಿ ಒಂದೊಂದಾಗಿ ಬಿಡುವುದು. ಅವತ್ತು ಬೆಳಿಗ್ಗೆ ಆ ಬಯಲಿನಲ್ಲಿ ಅವಳಷ್ಟು ಶ್ರದ್ಧೆಯಿಂದ ಕೆಲಸ ಮಾಡಿದವರು ಇನ್ನೊಬ್ಬರಿಲ್ಲ.

ಆದರೆ ಎಲ್ಲರೂ ಅಜ್ಜಿಯ ಹಾಗಿಲ್ಲ. ದಂಡೆಯ ಮೇಲೆ ಖರೀದಿಯವನ ಗಾಡಿ ನಿಂತಿತ್ತು. ಅವನು ಕೊಡುವ ಬೆಲೆ ಅಳತೆಗೆ, ಗಾತ್ರಕ್ಕಲ್ಲ. ಇಲ್ಲಿನ ಬಳಚು ಗೋವೆಗೂ ಹೋಗುತ್ತದೆ. ದಿನದ ಸಂಬಳ ಅದರಲ್ಲೇ ಹುಟ್ಟಬೇಕಾದ ಮನೆಯವರು ಸಣ್ಣದನ್ನೂ ತುಂಬಿದರೆ ಬೈಯುವುದು ಹೇಗೆ? ಗಜನಿಯ ಒಳಗೆ ಕಟ್ಟೆ ಉಂಟು, ಪಾಲು ಉಂಟು, ಸಭೆ ಉಂಟು. ಹೊರಗಿನ ಬಯಲು ಎಲ್ಲರದು, ಆದ್ದರಿಂದ ಯಾರದೂ ಅಲ್ಲ. ಅಲ್ಲಿ ಇರುವ ನಿಯಮ ಆ ಅಜ್ಜಿಯ ಎರಡು ಬೆರಳು ಮಾತ್ರ.

ಚಿಪ್ಪಿನ ಲೆಕ್ಕ

ಸಣ್ಣ ಸಂಗತಿ ಎಂದು ತಿಳಿಯಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2008ರ ಸುಮಾರಿಗೆ ಮಾಡಿದ ಅಂದಾಜಿನ ಪ್ರಕಾರ ಅಘನಾಶಿನಿಯ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿಕಲ್ಲು ತೆಗೆಯಲಾಗುತ್ತಿತ್ತು. ಅದರ ಬೆಲೆ ಆಗಲೇ ಐದೂವರೆ ಕೋಟಿ ರೂಪಾಯಿಗೂ ಮಿಕ್ಕು. ನೇರವಾಗಿ ಅದರಲ್ಲಿ ತೊಡಗಿದವರು ಎರಡು ಸಾವಿರಕ್ಕೂ ಹೆಚ್ಚು ಜನ. ಬಿತ್ತನೆ ಇಲ್ಲ, ಗೊಬ್ಬರ ಇಲ್ಲ, ಸಾಲ ಇಲ್ಲ, ವಿಮೆ ಇಲ್ಲ. ಒಬ್ಬ ಸಹಕಾರಿ ಕಾರ್ಯದರ್ಶಿಯ ಕಣ್ಣಿಗೆ ಇಂಥ ಬ್ಯಾಲೆನ್ಸ್ ಶೀಟು ಬೇರೆಲ್ಲೂ ಕಂಡಿಲ್ಲ.

ಇದು ನಡೆಯುವುದು ಹೇಗೆ? ಬಳಚು ನೀರನ್ನು ಒಳಗೆಳೆದು, ಕಿವಿರಿನಲ್ಲಿ ಸೋಸಿ, ಕಣ್ಣಿಗೆ ಕಾಣದ ಪಾಚಿಯನ್ನು ತಿಂದು, ನೀರನ್ನು ಹೊರಗೆ ಬಿಡುತ್ತದೆ. ಹೊಳೆ ತರುವ ಸಾರವೇ ಅದರ ಊಟ. ಒಂದು ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಬಿಡುತ್ತದೆ. ಮರಿಗಳು ಕೆಲವು ವಾರ ನೀರಿನಲ್ಲಿ ತೇಲಿ, ಆಮೇಲೆ ತಳ ಹಿಡಿದು ಕೂರುತ್ತವೆ. ಕೂತ ಮೇಲೆ ಓಡುವ ಉಪಾಯವಿಲ್ಲ. ಏನು ಹರಿದು ಬಂದರೂ ಅದನ್ನೇ ಸೋಸಬೇಕು. ಒಂದೊಂದು ಜಾತಿಗೆ ಒಂದೊಂದು ಹದದ ಉಪ್ಪು. ಸಮುದ್ರದ ಬಾಯಿಗೆ ಹತ್ತಿರ ಕೆಲವು, ಸಿಹಿನೀರಿನ ಕಡೆ ಕೆಲವು. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು ಎಂಬ ಏರಿಳಿತಕ್ಕೆ ಅವು ಒಗ್ಗಿಕೊಂಡಿವೆ. ಆ ಏರಿಳಿತ ಕೆಟ್ಟರೆ ಏನಾಗುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಪಕ್ಕದ ಹೊನ್ನಾವರದ ಶರಾವತಿಯಲ್ಲೂ ಒಂದು ಕಾಲಕ್ಕೆ ಚಿಪ್ಪಿಕಲ್ಲು ಹೇರಳವಾಗಿತ್ತು. 1964ರಲ್ಲಿ ಲಿಂಗನಮಕ್ಕಿ, ಈ ಶತಮಾನದ ಆರಂಭದಲ್ಲಿ ಗೇರುಸೊಪ್ಪೆ ಅಣೆಕಟ್ಟು ಬಂದ ಮೇಲೆ ವಿದ್ಯುತ್ತಿಗಾಗಿ ವರ್ಷವಿಡೀ ಸಿಹಿನೀರು ಹರಿಯತೊಡಗಿತು. ಅಳಿವೆಯ ಉಪ್ಪು ಇಳಿಯಿತು, ತಿನ್ನುವ ಚಿಪ್ಪಿಕಲ್ಲಿನ ಹೆಚ್ಚಿನ ಜಾತಿಗಳು ಅಲ್ಲಿಂದ ಹೋದವು. ಅಘನಾಶಿನಿಗೆ ಅಣೆಕಟ್ಟಿಲ್ಲ. ಇಲ್ಲಿ ಬಳಚು ಉಳಿದಿರುವುದಕ್ಕೆ ಇದು ಮುಖ್ಯ ಕಾರಣ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರು ರಾಮ್‌ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿ ಅದು.

ವ್ಯರ್ಥವಾಗುವ ನೀರು ಯಾವುದು?

ಒಂಬತ್ತು ಗಂಟೆಗೆ ಭರತ ಏರತೊಡಗಿತು. ಬುಟ್ಟಿ ಹೊತ್ತು ಕಟ್ಟೆಗೆ ಬಂದೆವು. ಅಲ್ಲಿ ಕುಳಿತು ಅವಲಕ್ಕಿ ತಿನ್ನುವಾಗ ನನಗೂ ಗೆಳೆಯನಿಗೂ ಮಾತು ಬಿಸಿಯೇರಿತು. ಅಘನಾಶಿನಿಯ ನೀರನ್ನು ಪೂರ್ವಕ್ಕೆ ವೇದಾವತಿಯ ಕಡೆ ಒಯ್ಯುವ ಪ್ರಸ್ತಾವ ನಿಮಗೆಲ್ಲ ಗೊತ್ತಿರುವುದೇ. ನಾನು ಅದನ್ನು ಎತ್ತಿದೆ. ಅವನು ಸುಮ್ಮನೆ ತಲೆದೂಗಲಿಲ್ಲ.

"ನೀ ಏನರ ಅನ್ನು, ಅಷ್ಟು ನೀರು ಸಮುದ್ರಕ್ಕ ಹೋಗಿ ವ್ಯರ್ಥ ಆಗ್ತದ. ನಮ್ಮ ಕಡೆ 1953ರಾಗ ತುಂಗಭದ್ರಾ ನೀರು ಬರೂಕಿಂತ ಮೊದಲ ನಮ್ಮ ಅಜ್ಜ ಸಜ್ಜಿ ರೊಟ್ಟಿಗೂ ಮಳಿ ಮಾರಿ ನೋಡ್ತಿದ್ದ. ಅಣೆಕಟ್ಟು ಇರಲಿಲ್ಲ ಅಂದ್ರ ನಾನು ಕಾಲೇಜು ಕಲೀತಿದ್ನೇನು?"

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಪೂರ್ತಿ ಇಲ್ಲ. ಹಸಿದ ಭೂಮಿಯ ರೈತ ನೀರು ಕೇಳುವುದು ತಪ್ಪೆಂದು ತೋಟದ ನೆರಳಿನಲ್ಲಿ ಕುಳಿತವನು ಹೇಳಬಾರದು. ನಾನು ತೋರಿಸಿದ್ದು ಬುಟ್ಟಿಯನ್ನು ಮಾತ್ರ: "ಸಮುದ್ರಕ್ಕೆ ಹೋದ ನೀರು ವ್ಯರ್ಥವಾದರೆ ಇದು ಎಲ್ಲಿಂದ ಬಂತು?"

ಅವನು ಬುಟ್ಟಿ ನೋಡಿದ, ಬಯಲಿನಿಂದ ಮೂಟೆ ಹೊತ್ತು ಬರುತ್ತಿದ್ದ ಹೆಂಗಸರನ್ನು ನೋಡಿದ. ಸ್ವಲ್ಪ ಹೊತ್ತು ಬಿಟ್ಟು ತಾನಾಗಿ ಹೇಳಿದ ಮಾತು ನನಗೆ ಬಹಳ ಬೆಲೆಯದೆನಿಸಿತು. ಎಡದಂಡೆ ಕಾಲುವೆಯನ್ನು ಯೋಜಿಸಿದಾಗ ಅದು ಬಹುಪಾಲು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆಂದಿತ್ತು. ಮೇಲ್ಭಾಗದವರು ಭತ್ತ ಹಾಕಿದರು, ನೀರು ಅಲ್ಲೇ ಮುಗಿಯಿತು. ಕೆಳಗೆ ಮಾನ್ವಿ, ರಾಯಚೂರು ಕಡೆಯ ಕೊನೆಯಂಚಿನ ರೈತ ಕಾಲುವೆ ನೋಡುತ್ತ ಕುಳಿತ. "ಅವ್ರಿಗೆ ನಾವು ಮ್ಯಾಲಿನವ್ರು. ಇವ್ರಿಗೆ ನೀ ಮ್ಯಾಲಿನವ. ಮ್ಯಾಲಿನವನ ಕಿಸೆದಾಗ ಕೆಳಗಿನವನ ಲೆಕ್ಕ ಇರೂದಿಲ್ಲ ನೋಡು."

ಮಾತು 2024ರ ಆಗಸ್ಟಿಗೆ ಹೋಯಿತು. ಆ ತಿಂಗಳ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿನಿಂತ ಜಲಾಶಯ ಬರಿದಾಗುವುದನ್ನು ಅವನ ಊರು ಉಸಿರು ಬಿಗಿಹಿಡಿದು ನೋಡಿತು. ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ, ಕಬ್ಬಿಣದ ತಡೆಹಲಗೆಗಳನ್ನು ಇಳಿಸಿ ನೀರು ನಿಲ್ಲಿಸಿದರು. ಆ ಜಲಾಶಯ ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105. ಆ ಹೂಳು ಮೇಲಿನವರ ಹೊಲ ಗುಡ್ಡಗಳಿಂದಲೇ ಬಂದದ್ದು. "33 ಗೇಟಿನ ಅಣೆಕಟ್ಟು ಇರಲಿ, ಒಂದು ಹಲಗಿ ಬಾಗಲಾ ಇರಲಿ, ಎಲ್ಲಾರದು ಅಂದ ಮ್ಯಾಲೆ ನೋಡ್ಕೊಳ್ಳಾವ ಒಬ್ಬ ಬೇಕಪಾ" ಎಂದ.

ಕಟ್ಟೆ ಒಡೆದ ವರ್ಷಗಳು

ಆಗ ಭಾವಮೈದ ತಮ್ಮ ಗಜನಿಯ ಕತೆ ಹೇಳಿದ. ಮೊದಲು ವರ್ಷಕ್ಕೊಮ್ಮೆ, ಮಳೆಗೆ ಮುನ್ನ, ಪಾಲಿಗೆ ಇಷ್ಟು ಆಳಿನಂತೆ ಎಲ್ಲರೂ ಸೇರಿ ಕಟ್ಟೆಗೆ ಮಣ್ಣು ಹಾಕುತ್ತಿದ್ದರು. ಅಲೆ ತಡೆಯಲು ಅಂಚಿಗೆ ಕಾಂಡ್ಲಾ ಗಿಡ ಬೆಳೆಸುತ್ತಿದ್ದರು. ಏಡಿ ತೋಡಿದ ಒಂದು ಬಿಲ ಕಂಡರೂ ಕಂಡವನೇ ಮುಚ್ಚಬೇಕು. ಆ ಗದ್ದೆ ಅವನದಲ್ಲದಿದ್ದರೂ ಸರಿ. 1970ರ ದಶಕದಲ್ಲಿ ಸರಕಾರ ಖಾರಲ್ಯಾಂಡ್ ಯೋಜನೆಯಲ್ಲಿ ಕಾಯಂ ಕಟ್ಟೆ ಕಟ್ಟಿಸಿತು. ಅನುಕೂಲವೇ ಆಯಿತು. ಆದರೆ "ಸರಕಾರದ ಕಟ್ಟೆ" ಎಂಬ ಮಾತು ಹುಟ್ಟಿದ ದಿನದಿಂದ ಏಡಿಬಿಲ ಮುಚ್ಚುವ ಕೈ ಕಡಿಮೆಯಾಯಿತು.

1990ರ ದಶಕದಲ್ಲಿ ಸಿಗಡಿಗೆ ಬಂಗಾರದ ಬೆಲೆ ಬಂತು. ಇವರ ಗಜನಿಯನ್ನೂ ಹೊರಗಿನ ಗುತ್ತಿಗೆದಾರರೊಬ್ಬರಿಗೆ ಕೊಟ್ಟರು. ಮನೆಬಾಗಿಲಿಗೆ ಹಣ. ಗುತ್ತಿಗೆದಾರನಿಗೆ ಉಪ್ಪುನೀರು ಎಷ್ಟು ದಿನ ನಿಂತರೆ ಅಷ್ಟು ಲಾಭ. ಮಳೆಗೆ ಮುನ್ನ ಬಾಗಿಲು ಮುಚ್ಚಿ ಗದ್ದೆ ಒಣಗಿಸಬೇಕೆಂಬ ಅವಸರ ಅವನಿಗಿಲ್ಲ. ಎರಡು ವರ್ಷ ಕಗ್ಗ ಸರಿಯಾಗಿ ಮೇಲೇಳಲಿಲ್ಲ. ಮೂರನೆಯ ವರ್ಷ ಅರ್ಧ ಜನ ಬಿತ್ತಲೇ ಇಲ್ಲ. ಬಿತ್ತದವನಿಗೆ ಕಟ್ಟೆಯ ಚಿಂತೆ ಏಕೆ? ಅಷ್ಟರಲ್ಲಿ ಸಿಗಡಿಗೆ ಬಿಳಿಚುಕ್ಕೆ ರೋಗ ಬಂತು, ಗುತ್ತಿಗೆಯವನು ಹೋದ. ಮಾರನೆಯ ಮಳೆಗಾಲದಲ್ಲಿ ಕಟ್ಟೆ ಒಡೆಯಿತು. ಭತ್ತವೂ ಇಲ್ಲ, ಸಿಗಡಿಯೂ ಇಲ್ಲ, ಬಾವಿಯ ನೀರೂ ಉಪ್ಪು. ಹೊಳೆಸಾಲಿನಲ್ಲಿ ಹಲವು ಕಡೆ ಇಂಥದೇ ನಡೆದಿದೆ.

ಇವರ ಗಜನಿ ಮತ್ತೆ ಎದ್ದದ್ದು ಹೇಗೆ ಎಂದು ಕೇಳಿದೆ. ಭಾವಮೈದನ ಉತ್ತರ ಸರಳ: "ಸಭೆ ಸೇರಿದ್ವು. ನಾಲ್ಕು ಸಭೆ ಜಗಳ, ಐದನೇ ಸಭೆಗೆ ಮಣ್ಣು." ಈಗ ಸಿಗಡಿ ಹಿಡಿಯುವ ಹಕ್ಕನ್ನು ಊರವರೇ ಹರಾಜಿನಲ್ಲಿ ಪಡೆಯುತ್ತಾರೆ, ಬಾಗಿಲು ಮುಚ್ಚುವ ದಿನ ಸಭೆಯಲ್ಲಿ ನಿಶ್ಚಯ. ಕೊನೆಯ ಹಿಡಿತ ಮುಗಿದ ಮೇಲೆ ಪಾಲಿಲ್ಲದವರೂ ಇಳಿದು ಏಡಿ, ಬಳಚು, ಉಳಿದ ಮೀನು ತೆಗೆದುಕೊಳ್ಳಬಹುದು. ಗದಗಿನ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ನಮ್ಮ ನಾಡಿನ ಮೊದಲ ಸಹಕಾರಿ ಸಂಘ ನೋಂದಣಿಯಾಯಿತೆಂದು ನಾವು ಸಹಕಾರ ಸಪ್ತಾಹದ ಭಾಷಣದಲ್ಲಿ ಹೇಳುತ್ತೇವೆ. ಬೈಲಾ ಬರೆದ ಸಂಘ ಅದು. ಬೈಲಾ ಇಲ್ಲದೆ ಕೆಸರಿನಲ್ಲಿ ನಡೆಯುವ ಸಂಘವನ್ನು ನಾನು ಅವತ್ತು ನೋಡಿದೆ.

ಅಡಿಗೆ, ಮತ್ತು ಒಂದು ಪ್ರಶ್ನೆ

(ಮೀನು ತಿನ್ನದವರು ಈ ಪ್ಯಾರಾ ಬಿಡಬಹುದು.) ಬಳಚನ್ನು ತಂದ ಕೂಡಲೇ ಬೇಯಿಸಬಾರದು. ಹೊಳೆಯದೇ ಶುದ್ಧ ನೀರಿನಲ್ಲಿ ಒಂದು ರಾತ್ರಿ ಇಟ್ಟರೆ ಹೊಟ್ಟೆಯ ಮರಳನ್ನು ತಾನೇ ಕಕ್ಕುತ್ತದೆ. ಹಿಂದಿನ ದಿನ ತಂದು ಹಾಗೆ ಇಟ್ಟಿದ್ದನ್ನು ನಮಗೆ ಮಧ್ಯಾಹ್ನಕ್ಕೆ ಮಾಡಿದರು. ಸ್ವಲ್ಪ ನೀರಿನಲ್ಲಿ ಕುದಿಸಿದರೆ ಚಿಪ್ಪು ಬಾಯಿ ಬಿಡುತ್ತದೆ. ಬಾಯಿ ಬಿಡದ್ದನ್ನು ಎಸೆಯಬೇಕು. ತೆಂಗಿನತುರಿ, ಒಣಮೆಣಸು, ಕೊತ್ತಂಬರಿ, ಹುಳಿಗೆ ಮುರುಗಲ ಸಿಪ್ಪೆ. ಆ ಮುರುಗಲು ನಮ್ಮ ಮನೆಯಿಂದ ಒಯ್ದದ್ದು. ಜೊತೆಗೆ ಕಗ್ಗದ ಕೆಂಪು ಕುಚ್ಚಲಕ್ಕಿ ಅನ್ನ. ಗೆಳೆಯನಿಗೂ ಅವನ ಮನೆಯವರಿಗೂ ಬೇರೆ ಒಲೆಯಲ್ಲಿ ಬಸಲೆ ಹುಳಿ ಮಾಡಿದ್ದರು. ಕಗ್ಗದ ಅನ್ನ ಮಾತ್ರ ಎರಡೂ ಎಲೆಗೆ ಒಂದೇ. ಭತ್ತದ ಸೀಮೆಯವನಾದ ಅವನು ಮೂರು ಸಲ ಬಡಿಸಿಕೊಂಡ.

ಉಂಡು ಎದ್ದ ಮೇಲೆ ಹಿತ್ತಿಲಿನ ಚಿಪ್ಪಿನ ರಾಶಿಯ ಹತ್ತಿರ ನಿಂತಿದ್ದೆವು. ಈ ಚಿಪ್ಪನ್ನು ಸುಟ್ಟರೆ ಸುಣ್ಣ. ನಮ್ಮ ಅಡಿಕೆ ತಿನ್ನುವವರ ವೀಳ್ಯದೆಲೆಗೆ ಹಚ್ಚುವ ಒಳ್ಳೆಯ ಸುಣ್ಣ ಇದೇ. ಬೋರ್ಡೋ ದ್ರಾವಣಕ್ಕೂ ನಮ್ಮಲ್ಲಿ ಕೆಲವರು ಚಿಪ್ಪಿನ ಸುಣ್ಣವನ್ನೇ ಹುಡುಕುತ್ತಾರೆ. ಮೈಸೂರು ಸರಕಾರದ ಸೇವೆಯಲ್ಲಿದ್ದ ಕೋಲ್ಮನ್ ಸಾಹೇಬರು 1910ರ ಸುಮಾರಿಗೆ ಕೊಳೆರೋಗವನ್ನು ಅಭ್ಯಸಿಸಿ ಬೋರ್ಡೋ ಸಿಂಪಡಣೆಯ ದಾರಿ ತೋರಿಸಿದ ಮೇಲಲ್ಲವೇ ನಮ್ಮ ಅಜ್ಜಂದಿರ ತೋಟ ಉಳಿದದ್ದು! ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಾನು ಇದನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದೆ. ಆಗ ನನ್ನ ಮಗ, ಬರುವ ವರ್ಷದಿಂದ ತೋಟ ನೋಡಿಕೊಳ್ಳಬೇಕಾದವನು, ಕೇಳಿದ:

"ಅಪ್ಪಾ, ನಾವು ಔಷಧಿ ಬ್ಯಾರೆಲ್ಲು ತೊಳೆಯುವುದು ಹಳ್ಳದಲ್ಲಲ್ಲವಾ? ಅದು ಬರುವುದು ಇಲ್ಲಿಗೇ ಅಲ್ಲವಾ?"

ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು, ಮಳೆಗಾಲಕ್ಕೆ ಎರಡು ಮೂರು ಸಲ, ನಾನು ಬ್ಯಾರೆಲ್ಲು, ಪಂಪು, ಪೈಪು ತೊಳೆದದ್ದು ಹಳ್ಳದಲ್ಲೇ. ತಳದಲ್ಲಿ ಉಳಿದ ನೀಲಿ ಗಸಿಯನ್ನು ಚೆಲ್ಲಿದ್ದೂ ಅಲ್ಲೇ. ನಿಮ್ಮಲ್ಲೂ ಹೆಚ್ಚಿನವರು ಹಾಗೆಯೇ ಮಾಡುತ್ತೀರಿ, ನಾನು ನೋಡಿದ್ದೇನೆ. ತಾಮ್ರ ಬಸವನಹುಳುವಿಗೆ ವಿಷವೆಂದು ನಮಗೆ ಗೊತ್ತು, ಅದಕ್ಕಾಗಿಯೇ ಮೈಲುತುತ್ತವನ್ನು ಹುಳುವಿನ ಮೇಲೆ ಬಳಸುವುದುಂಟು. ಬಳಚು ಆ ಹುಳುವಿನ ದಾಯಾದಿ, ಅದರ ಎಳೆಮರಿಗೆ ಅತಿ ಸ್ವಲ್ಪ ತಾಮ್ರವೂ ಸಾಕು ಎಂದು ಶಾಸ್ತ್ರಜ್ಞರು ಕಂಡಿದ್ದಾರೆ. ನನ್ನ ಬ್ಯಾರೆಲ್ಲಿನ ಗಸಿ ಅಷ್ಟು ದೂರ, ಅಷ್ಟು ನೀರಿನಲ್ಲಿ ಕರಗಿ, ಎಷ್ಟು ಉಳಿಯುತ್ತದೆಂದು ನಾನು ಅಳೆದಿಲ್ಲ. ಬಹುಶಃ ಏನೂ ಆಗುವುದಿಲ್ಲ ಎಂದು ಮಗನಿಗೆ ಹೇಳಲು ಬಾಯಿ ತೆರೆದೆ. ಅದೇ ಹೊತ್ತಿಗೆ ಕಟ್ಟೆಯ ಮೇಲೆ ಗೆಳೆಯ ಹೇಳಿದ್ದು ನೆನಪಾಗಿ ಬಾಯಿ ಮುಚ್ಚಿದೆ. ಒಂದು ಏಡಿಬಿಲದಿಂದ ಏನಾಗುತ್ತದೆ ಎಂದೇ ಎಲ್ಲರೂ ಹೇಳುವುದು.

ಸದಸ್ಯರಲ್ಲಿ ಒಂದು ಕೇಳಿಕೆ

ಅಣೆಕಟ್ಟು, ನದಿ ತಿರುವು ಇವೆಲ್ಲ ದೊಡ್ಡವರ ಕೈಯಲ್ಲಿರುವ ಬಾಗಿಲುಗಳು. ಅವುಗಳ ಬಗ್ಗೆ ನಾವು ಮನವಿ ಬರೆಯಬಹುದು, ಸಭೆ ಸೇರಬಹುದು, ಸೇರೋಣ. ಆದರೆ ನಮ್ಮ ಹಳ್ಳದ ಬಾಗಿಲು ನಮ್ಮ ಕೈಯಲ್ಲೇ ಇದೆ. ಕೆಳಗಿನವರು ಅದನ್ನು ಮುಚ್ಚಲಾರರು.

ಮುಂಗಾರಿಗೆ ಮುನ್ನ ಮೊದಲ ಸಿಂಪಡಣೆ ಶುರುವಾಗಲಿದೆ. ಅಷ್ಟರೊಳಗೆ ಮೂರು ಕೆಲಸ ಮಾಡೋಣ. ಒಂದು, ಹಳ್ಳದಿಂದ ದೂರ, ತೋಟದ ಎತ್ತರದ ಬದಿಗೆ ಒಂದು ಗುಂಡಿ ತೋಡಿ ತಳಕ್ಕೆ ಸುಣ್ಣ ಹಾಕುವುದು. ಬ್ಯಾರೆಲ್ಲು ಪಂಪು ತೊಳೆದ ನೀರು, ಉಳಿದ ಗಸಿ ಅಲ್ಲಿಗೇ. ಸುಣ್ಣದ ಜೊತೆ ತಾಮ್ರ ಗಟ್ಟಿಯಾಗಿ ತಳ ಹಿಡಿಯುತ್ತದೆ. ಚಿಪ್ಪನ್ನು ಕೊಲ್ಲುವ ತಾಮ್ರವನ್ನು ಚಿಪ್ಪಿನ ಸುಣ್ಣವೇ ಹಿಡಿದು ಕೂರಿಸುತ್ತದೆ ಎಂಬುದು ನನಗೆ ಸೋಜಿಗ. ಎರಡು, ದ್ರಾವಣ ಬೇಕಾದಷ್ಟೇ ಕಲಸಿ, ಹದ ನೋಡಿ ಬಳಸುವುದು. ಹರಿತವಾದ ಕತ್ತಿಯನ್ನು ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಕಡಿಮೆ ಎಂದು ತಿಳಿದು ಇನ್ನಷ್ಟು ಸೇರಿಸಬೇಕು. ಅದು ಗೊನೆಗೂ ಒಳ್ಳೆಯದು, ಹೊಳೆಗೂ ಒಳ್ಳೆಯದು. ಮೂರು, ಹಳ್ಳದ ಅಂಚಿನ ಗಿಡಗಂಟಿ ಸವರದೆ ಬಿಡುವುದು, ಕಾಫಿ ಮತ್ತು ಅಡಿಕೆ ಸಾಲಿನ ಮಣ್ಣು ಬರಿದಾಗದಂತೆ ಸೊಪ್ಪು ಮುಚ್ಚುವುದು. ನಮ್ಮ ಮೇಲ್ಮಣ್ಣು ಕೆಳಗಿನವರಿಗೆ ಹೂಳು, ನಮಗೆ ನಷ್ಟ.

ಗುಂಡಿಯನ್ನು ನಾನು ನನ್ನ ತೋಟದಲ್ಲಿ ಮೊದಲು ತೋಡಿಸಿದ್ದೇನೆ. ಮೂರಡಿ ಉದ್ದ, ಮೂರಡಿ ಅಗಲ, ಎರಡಡಿ ಆಳ. ಒಂದು ಆಳಿನ ಅರ್ಧ ದಿನದ ಕೆಲಸ. ನೋಡಬೇಕೆನ್ನುವವರು ಭಾನುವಾರ ಬರಬಹುದು, ಚಹಾ ಉಂಟು. ಬರುವ ವಾರ್ಷಿಕ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸುತ್ತಿದ್ದೇನೆ. ಜಗಳವಾದರೂ ಆಗಲಿ. ನಾಲ್ಕು ಸಭೆ ಜಗಳವಾದ ಮೇಲೆ ಐದನೆಯ ಸಭೆಗೆ ಮಣ್ಣು ಬೀಳುತ್ತದೆಂದು ಬಲ್ಲವರು ಹೇಳಿದ್ದಾರೆ.

ಮರಳಿಯ ಮಗು ಹೊರಡುವಾಗ ಒಂದು ಖಾಲಿ ಚಿಪ್ಪನ್ನು ಜೇಬಿನಲ್ಲಿ ಇಟ್ಟುಕೊಂಡಿತು. ಸಮುದ್ರ ಹೇಗಿತ್ತು ಎಂದು ನನ್ನ ಹೆಂಡತಿ ಕೇಳಿದಳು. "ಸಮುದ್ರಕ್ಕ ಹೋಗಾಕ ಆಗಲೇ ಇಲ್ಲಜ್ಜಿ, ಕೆಲಸ ಇತ್ತು" ಎಂದಿತು.

— ಕಾರ್ಯದರ್ಶಿ